ಓದದ ರಷ್ಯನ್ ಕಾದಂಬರಿಯೂ ನನ್ನ ಪಾಂಡಿತ್ಯವೂ

ಮಾನ ಹೋಗುವ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ ಎಂದು ನಾನು ಹೇಳುತ್ತಿರುತ್ತೇನೆ. "ಅವೇನ್ ಬರಲ್ಲ ಕಣ್ರೀ, ನೀವೇ ಬಸ್ ಹತ್ಕೊಂಡ್ ಹೋಗ್ತೀರಿ" ಅನ್ನುತ್ತಾಳೆ ನನ್ನ ಹೆಂಡತಿ. ಅವಳ ಮಾತೇ ಸರಿ.

ಎಪ್ಪತ್ತರ ದಶಕದಲ್ಲಿ ನಾನು ಕಡೂರಿನಲ್ಲಿ ಇಂಗ್ಲಿಷ್ ಮೇಷ್ಟರು. ಡಾಕ್ಟರೇಟ್ ಚಪಲ ಹತ್ತಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಮುಂದೆ ಬರಲಿರುವ ಕೆಟ್ಟ ಕಾಲವನ್ನು ಊಹಿಸಿ ರಷ್ಯದವರೊಬ್ಬರು ಬರೆದ ಕಾದಂಬರಿ ನನ್ನ ವಿಷಯ. ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ನಿದ್ದೆ, ಎಲ್ಲರಿಗೂ ಒಂದೇ ಬಟ್ಟೆ. ಅಂಥ ಊರಲ್ಲಿ ಒಬ್ಬ ಒಂದು ಹೆಣ್ಣನ್ನು ಪ್ರೀತಿಸಿ ಸರ್ಕಾರಕ್ಕೆ ತಿರುಗಿ ಬೀಳುತ್ತಾನೆ. ಅದರ ಮೇಲೆ ವಿದ್ವಾಂಸರು ಬರೆದ ಒಂಬತ್ತು ಲೇಖನಗಳನ್ನು ಮೈಸೂರಿನಲ್ಲಿ ಕೂತು ನಕಲು ಮಾಡಿಕೊಂಡು ಬಂದೆ. ಕಾದಂಬರಿ ಮಾತ್ರ ಎಲ್ಲೂ ಸಿಗಲಿಲ್ಲ, ಓದಲೂ ಇಲ್ಲ. ಕೊನೆಯ ಅಧ್ಯಾಯದ ಬಗ್ಗೆ ಆ ವಿದ್ವಾಂಸರು ಪುಟಗಟ್ಟಲೆ ಜಗಳವಾಡಿದ್ದರೇ ಹೊರತು ಕೊನೆಗೆ ಏನಾಯಿತು ಎಂದು ಒಬ್ಬ ಪುಣ್ಯಾತ್ಮನೂ ಬರೆದಿರಲಿಲ್ಲ. ಅಷ್ಟರಲ್ಲಿ ಊರವರು ನನ್ನನ್ನು 'ರಷ್ಯಾ ಮೇಷ್ಟ್ರು' ಅನ್ನತೊಡಗಿದ್ದರು. ನಾನು ಓದಿಲ್ಲ ಎಂದು ತಿಳಿದರೆ ತಲೆ ಎತ್ತಿ ತಿರುಗುವಂತಿರಲಿಲ್ಲ.

ಕಡೂರು: ಪುಸ್ತಕದ ವ್ಯಾನು

ಅಗ್ಗದ ರಷ್ಯನ್ ಪುಸ್ತಕಗಳನ್ನು ಮಾರುವ ವ್ಯಾನು ಬಸ್ ಸ್ಟ್ಯಾಂಡಿಗೆ ಬಂತು. ಇರಲಾರದು ಎಂದು ಗೊತ್ತಿದ್ದರೂ ಆಸೆ ತಡೆಯದೆ ಓಡಿಹೋಗಿ ಕಾದಂಬರಿಯ ಹೆಸರು ಹೇಳಿದೆ.

"ಬಾಳ ಓಡೋ ಬುಕ್ಕು ಸಾರ್. ಕೊನೇ ಕಾಪಿ ನಿನ್ನೆ ಬೀರೂರಲ್ಲಿ ಹೋಯ್ತು" ಅಂದ ಮಾರುವವನು.

ಅದನ್ನು ಆ ದೇಶದಲ್ಲಿ ಅಚ್ಚು ಹಾಕಲೇ ಬಿಟ್ಟಿಲ್ಲ ಎಂದು ನನ್ನ ಒಂಬತ್ತು ಲೇಖನಗಳಲ್ಲೂ ಇತ್ತು. ದಬಾಯಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ, "ತಾವು ಓದಿದೀರಾ ಸಾರ್?" ಅಂದ.

"ಎರಡು ಸಲ" ಅಂದೆ.

ಸುಳ್ಳಿಗೆ ಸುಳ್ಳು ಸರಿಹೋಯಿತು. ಅವನು ಕೋಳಿ ಸಾಕಣೆಯ ಪುಸ್ತಕವೊಂದನ್ನು ಕೈಗಿತ್ತು, "ಇದೂ ಹೆಚ್ಚುಕಮ್ಮಿ ಅದೇ ಥರ ಐತೆ" ಅಂದ. ಅಲ್ಲ ಎನ್ನಲು ನನ್ನ ಹತ್ತಿರ ಆಧಾರವಿರಲಿಲ್ಲ. ಕೊಂಡುಕೊಂಡೆ.

ತರೀಕೆರೆ: ರಿಪೋರ್ಟು

ತುರ್ತುಪರಿಸ್ಥಿತಿಯ ಕಾಲ. ತರೀಕೆರೆಯಲ್ಲಿ ಇದೇ ವಿಷಯದ ಮೇಲೆ ಭಾಷಣ ಮಾಡಿದೆ. ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಪೊಲೀಸಿನವರೊಬ್ಬರು ಮುಗಿದ ಮೇಲೆ ಬಂದರು.

"ಸಾರ್, ಕಥೇಲಿ ಕೊನೆಗೆ ಸರ್ಕಾರ ಗೆಲ್ತದೋ ಸೋಲ್ತದೋ? ರಿಪೋರ್ಟಿಗೆ ಬೇಕು."

ಇಂಥ ಹೊತ್ತಿಗೆಂದೇ ಇಟ್ಟುಕೊಂಡಿದ್ದ ಉತ್ತರ ಕೊಟ್ಟೆ: "ಆ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ."

ಅವರು ಬರೆದುಕೊಂಡು ಗಟ್ಟಿಯಾಗಿ ಓದಿದರು: "ಸರ್ಕಾರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ ಎಂದು ಭಾಷಣಕಾರರು ತಿಳಿಸಿರುತ್ತಾರೆ."

"ಅಯ್ಯೋ, ಹೊಡೆದ್ಹಾಕಿ ಅದನ್ನ! ಗೆಲ್ಲುತ್ತೆ, ಸರ್ಕಾರಾನೇ ಗೆಲ್ಲುತ್ತೆ!"

"ಭಾರಿ ಬಹುಮತದಿಂದ ಅಂತ ಸೇರಿಸ್ಲಾ?"

"ಸೇರಿಸಿ" ಅಂದೆ.

ಅಜ್ಜಂಪುರ: ಮಂಗಳ

ಎರಡು ವರ್ಷ ಕಳೆದು ಅಜ್ಜಂಪುರದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಇದೇ ಕಾದಂಬರಿಯ ಬಗ್ಗೆ ಮಾತನಾಡಲು ಕರೆದರು. "ಹೀಗೆ, ಕೊನೆಯ ಅಧ್ಯಾಯದ ಬಗ್ಗೆ ವಿದ್ವಾಂಸರಲ್ಲಿ..." ಎಂದು ಜಾರಿಕೊಳ್ಳುತ್ತಿದ್ದೆ. ಮುಂದೆ ಕೂತಿದ್ದ ಮಂಡಿ ಸಾಹುಕಾರರ ತಾಯಿ ಕೈ ಎತ್ತಿದರು.

"ವಿದ್ವಾಂಸ್ರು ಹಂಗಿರ್ಲಿ ಬಿಡಪ್ಪ. ಆ ಹೆಣ್ಮಗಳ ಗತಿ ಏನಾಯ್ತು?"

ಪುರಾಣವನ್ನು ನಡುವೆ ನಿಲ್ಲಿಸಿ ಏಳಬಾರದು, ಮಂಗಳ ಹಾಡಿಯೇ ಏಳಬೇಕು. ಅದು ಅಲ್ಲಿಯ ರೂಢಿ. ಆರತಿ ತಟ್ಟೆ ಹಿಡಿದು ಒಬ್ಬರು ಆಗಲೇ ನಿಂತಿದ್ದರು. ಬೇರೆ ದಾರಿ ಕಾಣದೆ ಕಟ್ಟಿದೆ: ಅವನು ಗುಂಡುಕಲ್ಲು ಎತ್ತಿ ಆ ಗಂಟೆಯನ್ನೇ ಒಡೆದ, ಅವಳ ಕೈ ಹಿಡಿದು ಕೋಟೆ ಹಾರಿದ, ಇಬ್ಬರೂ ಕಾಡು ಸೇರಿದರು.

"ನಮ್ ಹೆಬ್ಬೆ ಕಡೆ ಕಾಡಿನ ಥರದ್ದಾ?"

"ಹಾಗೇ ಅಮ್ಮ. ನೀರೂ ಧುಮುಕ್ತಿರುತ್ತೆ."

"ಮಕ್ಕಳು?"

"ಎರಡು" ಅಂದೆ.

ಆರತಿ ಎತ್ತಿದರು. ಆಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವತ್ತು ಕೊಟ್ಟ ಪ್ರಸಾದವನ್ನು ತಿನ್ನದೆ ಕಾಗದದಲ್ಲಿ ಕಟ್ಟಿಕೊಂಡು ಬಸ್ ಹತ್ತಿದೆ.

ಮತ್ತೆ ಅಜ್ಜಂಪುರ

ಎಂಬತ್ತರ ದಶಕದ ನಡುವೆ ಗೆಳೆಯನೊಬ್ಬ ದೆಹಲಿಯಿಂದ ಕಾದಂಬರಿಯನ್ನು ಅಂಚೆಯಲ್ಲಿ ಕಳಿಸಿದ. ಅಷ್ಟರಲ್ಲಿ ನನಗೆ ಡಾಕ್ಟರೇಟೂ ಬಂದಿತ್ತು. ಮೂರು ದಿನ ಕೂತು ಓದಿದೆ. ಅವನು ಗಂಟೆ ಒಡೆಯುವುದಿಲ್ಲ. ಹೆದರಿ ಅವಳನ್ನು ತಾನೇ ಹಿಡಿದುಕೊಡುತ್ತಾನೆ, ಅವಳನ್ನು ಕೊಲ್ಲುತ್ತಾರೆ, ಗಂಟೆ ಹೊಡೆದಾಗ ಇವನು ಊಟಕ್ಕೆ ಕೂರುತ್ತಾನೆ. ಓದಿ ಅತ್ತೆ. ಮೊದಲು ಅವಳಿಗಾಗಿ, ಆಮೇಲೆ ನನ್ನ ನಾಚಿಕೆಗೆ.

ಅತ್ತ ನನ್ನ ಸುಳ್ಳು ಕಥೆ ಬುಕ್ಕಾಂಬುಧಿಯವರೆಗೂ ಹಬ್ಬಿ, ಅಜ್ಜಿಯರು ಮಕ್ಕಳಿಗೆ ಹೇಳಿ ಮಲಗಿಸುತ್ತಿದ್ದರಂತೆ. ಇನ್ನು ತಡೆಯಲಾಗಲಿಲ್ಲ. ನಾನಾಗಿಯೇ ಕೇಳಿಕೊಂಡು ಅದೇ ಗೋಷ್ಠಿಗೆ ಹೋದೆ. ಪುಸ್ತಕವನ್ನು ಎದೆಗವಚಿಕೊಂಡು ನಿಂತು, ನಿಜವಾದ ಕೊನೆಯನ್ನು ಒಂದಕ್ಷರ ಬಿಡದೆ ಹೇಳಿದೆ. ಸಭೆ ಗುಜುಗುಜು ಅಂದಿತು.

"ಹಂಗಾರೆ ಆ ಎರಡು ಮಕ್ಕಳು?" ಅಂದರು ಸಾಹುಕಾರರ ತಾಯಿ.

"ಮಕ್ಕಳೇ ಇಲ್ಲ ತಾಯಿ. ಅವತ್ತು ಹೇಳಿದ್ದು ನಾನು ಕಟ್ಟಿದ್ದು. ಈ ಪುಸ್ತಕಾನ ನಾನು ಓದಿರಲೇ ಇಲ್ಲ. ನಿಮಗೆಲ್ಲ ಮೋಸ ಮಾಡಿದೆ, ಕ್ಷಮಿಸಬೇಕು" ಎಂದು ಕೈಮುಗಿದು ತಲೆ ತಗ್ಗಿಸಿದೆ. ಛೀಮಾರಿಗೆ ಕಾದು ನಿಂತೆ.

ಆಯಮ್ಮ ಮಗನ ಕಡೆ ತಿರುಗಿ, "ಪಾಪ, ಯಾರೂ ಏನೂ ಅನ್ಬೇಡ್ರೋ" ಅಂದರು. ಆಮೇಲೆ ನನ್ನನ್ನು ನೋಡಿ ಮೆಲ್ಲಗೆ, "ಹೋಗ್ಲಿ ಬಿಡಿ ಮೇಷ್ಟ್ರೇ, ಒಂದೊಂದ್ಸಲ ಹಂಗಾಯ್ತದೆ. ಅವತ್ತು ಚೆನ್ನಾಗಿ ಓದ್ಕೊಂಡ್ ಬಂದಿದ್ರಿ. ಇವತ್ತೇ ನೀವು ಓದ್ದೇ ಬಂದ್ಬಿಟ್ಟಿರೋದು" ಅಂದರು.