ನಿನ್ನೆ ಏನೇನ್ ತಿಂದ್ರಿ?

ನಮ್ಮ ಕೆಲಸದಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬಾಗಿಲು ತೆಗೆದು, "ಬನ್ನಿ, ಮೊದ್ಲು ಕಾಫಿ ಕುಡೀರಿ" ಅನ್ನುತ್ತದೆ. ನಾನು ಮೈಸೂರಿನ ಆಸ್ಪತ್ರೆಯೊಂದರ ಸಂಶೋಧನಾ ವಿಭಾಗದಲ್ಲಿ ಮನೆಮನೆ ಸುತ್ತುವವಳು. ಬಸುರಿಯರು ಏನು ತಿನ್ನುತ್ತಾರೆ, ಹುಟ್ಟಿದ ಮಗು ಮೂರು ವರ್ಷ ತುಂಬುವವರೆಗೆ ಹೇಗೆ ಬೆಳೆಯುತ್ತದೆ ಅಂತ ಕೇಳಿ, ಅಳೆದು, ಬರೆದುಕೊಂಡು ಬರುವುದು ನನ್ನ ಕೆಲಸ. ಸಂಶೋಧನೆ ಮಾಡುವವಳು ನಾನೇ ಅಂತ ಬಹಳ ದಿನ ಅಂದುಕೊಂಡಿದ್ದೆ. ದಟ್ಟಗಳ್ಳಿಯ ಒಂದು ಮನೆಯ ಅಜ್ಜಿ ಆ ಜಂಭ ಇಳಿಸಿದರು.

ಆ ಅಜ್ಜಿಯ ಸೊಸೆಗೆ ಎರಡು ಸಲ ಬಸಿರು ನಿಂತು, ಎರಡೂ ಸಲ ಹೋಗಿತ್ತು. ಮೂರನೆಯ ಸಲ, ಐದು ತಿಂಗಳಾಗಿದ್ದಾಗ ನಮ್ಮ ಪಟ್ಟಿಗೆ ಸೇರಿದಳು. ಸಹಿ ಹಾಕುವಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕ, ಈ ಮಗು ಉಳಿಯುತ್ತೆ ಅಲ್ವಾ?" ನೂರಾರು ಪ್ರಶ್ನೆ ಇರುವ ನನ್ನ ಫಾರಮ್ಮಿನಲ್ಲಿ ಇದಕ್ಕೆ ಮಾತ್ರ ಉತ್ತರ ಇರಲಿಲ್ಲ.

೧. ಬಟ್ಟಲು

ಪ್ರತಿ ಸಲ ಹೋದಾಗಲೂ ನನ್ನ ಮೊದಲ ಪ್ರಶ್ನೆ, "ನಿನ್ನೆ ಏನೇನ್ ತಿಂದ್ರಿ?" ಮೊದಲ ದಿನ ಸೊಸೆ ಬಾಯಿ ತೆರೆಯುವುದರೊಳಗೆ ಅಜ್ಜಿ ಶುರು ಮಾಡಿದರು. "ಬೆಳಗ್ಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಆಮೇಲೆ ದಾಳಿಂಬೆ. ಮಧ್ಯಾನ ಮುದ್ದೆ, ನಾಟಿಕೋಳಿ ಸಾರು, ಎರಡು ಮೊಟ್ಟೆ. ಸಾಯಂಕಾಲ ಬಾದಾಮಿ ಹಾಲು..."

ಅಜ್ಜಿಯ ಬೆನ್ನ ಹಿಂದೆ ಸೊಸೆ 'ಇಲ್ಲ, ಇಲ್ಲ' ಅಂತ ತಲೆ ಆಡಿಸುತ್ತಿದ್ದಳು. ನನಗೆ ರೇಗಿತು. "ಅಜ್ಜಿ, ಸುಳ್ಳು ಹೇಳಬೇಡಿ, ನಾನು ಬರ್ಕೊಳ್ತಾ ಇದ್ದೀನಿ!"

"ಸುಳ್ಳೆಲ್ಲೈತೆ ಕಣ್ರವ್ವಾ? ನಾನ್ ಮಾಡಿ ಇಕ್ಕಿದ್ದೆಲ್ಲ ಏಳ್ದೆ. ಅವ್ಳಿಗೆ ಸೇರ್ದೆ ಅಂಗೇ ಬುಟ್ರೆ ನಾನೇನ್ ಮಾಡ್ಲಿ?"

ಸರಿ, ತಿಂದಿದ್ದು ಎಷ್ಟು ಅಂತಾದರೂ ತಿಳಿಯಲಿ ಅಂತ ಅಳತೆಗೆ ತೋರಿಸುವ ಮೂರು ಬಟ್ಟಲು ಚೀಲದಿಂದ ತೆಗೆದೆ: ಸಣ್ಣದು, ಮಧ್ಯಮ, ದೊಡ್ಡದು. ಅಜ್ಜಿ ಮೂರನ್ನೂ ಎತ್ತಿಕೊಂಡು ಅಡುಗೆಮನೆಗೆ ನಡೆದೇಬಿಟ್ಟರು. ವಾಪಸ್ಸು ಬಂದಾಗ ಒಂದರಲ್ಲಿ ಬಸ್ಸಾರು, ಒಂದರಲ್ಲಿ ಪಲ್ಯ, ಒಂದರಲ್ಲಿ ಪಾಯಸ.

"ಇದು ಅಳತೆಗೆ ಅಜ್ಜಿ!" ಅಂದೆ.

"ಗೊತ್ತು ಬುಡಿ. ಬಟ್ಟಲು ಹಿಡ್ಕೊಂಡು ಬಂದವ್ರನ್ನ ಬರಿಗೈಲಿ ಕಳ್ಸಕ್ಕಾಯ್ತದಾ?"

ಆಫೀಸಿಗೆ ಬಂದು ಬಟ್ಟಲು ಕಪಾಟಿನಲ್ಲಿ ಇಡುವಾಗ ನಮ್ಮ ಡಾಕ್ಟರಮ್ಮ ಮೂಗರಳಿಸಿದರು. ನಡೆದದ್ದನ್ನು ಹೇಳಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ನಿಂತಿದ್ದೆ. ಅವರು ಗಂಭೀರವಾಗಿ, "ಮುಂದಿನ ಸಲ ಇನ್ನೂ ಸ್ವಲ್ಪ ದೊಡ್ಡ ಬಟ್ಟಲು ತಗೊಂಡು ಹೋಗಿ" ಅಂದರು.

೨. ತೂಕ

ಮಗು ಉಳಿಯಿತು. ಆದರೆ ತಿಂಗಳು ತುಂಬುವ ಮೊದಲೇ ಹುಟ್ಟಿತು. ಹೆಣ್ಣುಮಗು, ನನ್ನ ಅಂಗೈಗೆ ಸ್ವಲ್ಪ ಹೆಚ್ಚು, ಅಷ್ಟೇ.

ತೂಕ ಮಾಡಲು ನನ್ನ ಜೊತೆಗಾತಿಯೂ ಬರುತ್ತಿದ್ದಳು. ಅದಕ್ಕೆ ನಮ್ಮಲ್ಲೊಂದು ಕಟ್ಟುನಿಟ್ಟು: ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅದನ್ನೇ ಗಟ್ಟಿಯಾಗಿ ಹೇಳುತ್ತ ಬರೆದುಕೊಳ್ಳಬೇಕು. ನಾನು ಬಾಯಿ ತೆರೆದಿದ್ದೇ ತಡ, ಅಜ್ಜಿ ಅಡ್ಡ ಬಂದರು. "ಬಾಯ್ಬುಟ್ಟು ಏಳ್ಬೇಡಿ! ದೃಷ್ಟಿ ಆಯ್ತದೆ."

"ಇಷ್ಟು ಕಮ್ಮಿ ತೂಕಕ್ಕೆ ಯಾರು ದೃಷ್ಟಿ ಹಾಕ್ತಾರೆ ಅಜ್ಜಿ?" ಅಂದುಬಿಟ್ಟೆ. ತಾಯಿಯ ಕಣ್ಣು ತುಂಬಿತು. ನನ್ನ ಬಾಯಿಗಿಷ್ಟು ಬೆಂಕಿ ಹಾಕ ಅಂತ ನನ್ನನ್ನೇ ಬೈದುಕೊಂಡೆ.

ಅಜ್ಜಿ ಮಾತ್ರ ಅಲುಗಾಡಲಿಲ್ಲ. "ಇವತ್ತು ಕಮ್ಮಿ. ನಾಳೆ ಜಾಸ್ತಿ ಆಯ್ತಳೆ, ಆಗ ಆಕ್ತಾರೆ. ಈಗ್ಲೇ ಹುಷಾರಾಗಿರ್ಬೇಕು." ಕಾಡಿಗೆ ಡಬ್ಬಿ ತಂದು ಮಗುವಿನ ಕೆನ್ನೆಗೊಂದು ಬೊಟ್ಟಿಟ್ಟು, ತೂಕದ ಮಷೀನಿಗೂ ಒಂದು ಇಟ್ಟರು.

ಅವತ್ತಿನಿಂದ ಆ ಮನೆಯಲ್ಲಿ ನಾವಿಬ್ಬರೂ ಕಳ್ಳರ ಹಾಗೆ ಪಿಸುಗುಟ್ಟಿಕೊಂಡೇ ತೂಕ ಬರೆದೆವು. ಡಾಕ್ಟರಮ್ಮ ಹೇಳಿಕೊಟ್ಟಂತೆ ತಾಯಿ ಒಂದು ಹೊತ್ತು, ಅಜ್ಜಿ ಒಂದು ಹೊತ್ತು, ಮೈಯ ಬಿಸುಪು ತಾಗಲಿ ಅಂತ ಮಗುವನ್ನು ಎದೆಗೆ ಕಟ್ಟಿಕೊಂಡು ಕೂತರು. ಒಂದು ದಿನವೂ ತಪ್ಪಿಸಲಿಲ್ಲ. ನಾನು ಎಷ್ಟೋ ಓದಿದವರ ಮನೆ ನೋಡಿದ್ದೇನೆ, ಇಂಥ ಹಟ ನೋಡಿಲ್ಲ. ಮಗು ತಿಂಗಳಿಂದ ತಿಂಗಳಿಗೆ ಮೈದುಂಬಿಕೊಂಡಿತು.

ಒಮ್ಮೆ ತೂಕದ ಮಷೀನು ಪರೀಕ್ಷೆ ಮಾಡುವವರು ಆಫೀಸಿಗೆ ಬಂದರು. ಒಂದು ಗ್ರಾಮೂ ಹೆಚ್ಚುಕಮ್ಮಿ ಇಲ್ಲ. "ಇದೇನು ಕಪ್ಪು ಮಸಿ? ಒರೆಸ್ಲಾ?" ಅಂದರು. ವಿಜ್ಞಾನದಲ್ಲಿ ಎರಡು ಡಿಗ್ರಿ ಮಾಡಿರುವ ನನ್ನ ಜೊತೆಗಾತಿ ಎದ್ದು ನಿಂತು ಕೂಗಿದಳು: "ಮುಟ್ಟಿದ್ರೆ ನೋಡಿ!"

೩. ಗೋಪುರ

ಒಂದೂವರೆ ವರ್ಷಕ್ಕೆ ಮಕ್ಕಳ ಮುಂದೆ ಮರದ ಚೌಕಗಳನ್ನಿಟ್ಟು, ಒಂದರ ಮೇಲೊಂದು ಎಷ್ಟು ಜೋಡಿಸುತ್ತಾರೆ ಅಂತ ನೋಡುತ್ತೇವೆ. ಮಗು ಎರಡು ಇಟ್ಟು, ಮೂರನೆಯದನ್ನು ಬಾಯಿಗೆ ಹಾಕಿಕೊಂಡಿತು. ಅಜ್ಜಿ ಒಂದು ಚೌಕ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮುಂದಿನ ಸಲ ಹೋದಾಗ ನಾನು ಚೀಲ ಬಿಚ್ಚುವ ಮೊದಲೇ ಮಗು ತನ್ನದೇ ಚೌಕಗಳನ್ನು ತಂದು ಎಂಟು ಅಂತಸ್ತು ಕಟ್ಟಿ ಚಪ್ಪಾಳೆ ಹೊಡೆಯಿತು. ಹಿಂದಿನ ರಸ್ತೆಯ ಬಡಗಿಯ ಹತ್ತಿರ ಅಜ್ಜಿ ಮಾಡಿಸಿದ್ದರಂತೆ. ಅಷ್ಟಕ್ಕೇ ನಿಲ್ಲಲಿಲ್ಲ, ಅದೇ ರಸ್ತೆಯ ನಮ್ಮ ಪಟ್ಟಿಯ ಇನ್ನಿಬ್ಬರು ಮಕ್ಕಳಿಗೂ ಜಗಲಿಯಲ್ಲಿ ಪಾಠ ನಡೆದಿತ್ತು.

"ಮೇಡಂ, ಪ್ರಶ್ನೆಪತ್ರಿಕೆ ಲೀಕ್ ಆಗಿದೆ" ಅಂತ ಡಾಕ್ಟರಮ್ಮನಿಗೆ ವರದಿ ಒಪ್ಪಿಸಿದೆ. "ಲೀಕ್ ಮಾಡಿದವರು ಕೆಲಸಕ್ಕೆ ಬರ್ತಾರಾ ಕೇಳಿ" ಅಂದರು.

೪. ಮಾತು

ಎರಡು ವರ್ಷವಾಯಿತು. ಮಗು ಓಡುತ್ತಿತ್ತು, ಹತ್ತುತ್ತಿತ್ತು, ಮಾತು ಮಾತ್ರ ಇಲ್ಲ. ಕಿವಿ ಪರೀಕ್ಷೆ ಮಾಡಿಸಿದೆವು, ಸರಿಯಾಗಿತ್ತು. "ಮೂರು ತಿಂಗಳು ನೋಡೋಣ. ಆಗಲೂ ಎರಡು ಪದ ಸೇರಿಸಿ ಆಡದಿದ್ದರೆ ಮಾತಿನ ತರಬೇತಿ ಶುರು ಮಾಡೋಣ" ಅಂದರು ಡಾಕ್ಟರಮ್ಮ.

ತಾಯಿ ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಬಸುರೀಲಿ ನಾನು ಸರಿಯಾಗಿ ತಿನ್ನಲಿಲ್ಲ. ಅದಕ್ಕೇನಾ?"

"ಅಲ್ಲ ಕಣಮ್ಮ, ಖಂಡಿತ ಅಲ್ಲ" ಅಂದೆ. ಆದರೂ ಆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಮಾತೆಯ ಮುಂದೆ ಒಂದು ಮೇಣದಬತ್ತಿ ಹಚ್ಚಿ ಬಂದೆ. ಅದನ್ನು ಬರೆಯಲು ಫಾರಮ್ಮಿನಲ್ಲಿ ಜಾಗ ಇಲ್ಲ.

ಮೂರು ತಿಂಗಳಾದ ಮೇಲೆ ಹೋದೆ. ಬಾಗಿಲಲ್ಲೇ ಅಜ್ಜಿ, "ಯಾಕ್ ಮೇಡಮ್ಮೋರೆ, ಮುಖ ಇಂಗ್ ಬಾಡದೆ?" ಅಂದರು. "ನಿನ್ನೆ ಎಲ್ಲಾ ಓಡಾಟ ಅಜ್ಜಿ. ಒಂದು ಬನ್ನು, ಎರಡು ಟೀ, ಅಷ್ಟೇ" ಅಂದೆ.

ಚಿತ್ರದ ಪುಸ್ತಕ ತೋರಿಸಿದೆ. ಚೆಂಡು ತೋರಿಸಿದೆ. ಲೋಟ ತೋರಿಸಿದೆ. ಮಗು ನನ್ನ ಮುಖ ನೋಡಿತೇ ಹೊರತು ತುಟಿ ಬಿಚ್ಚಲಿಲ್ಲ.

"ನಾವಿಬ್ರೇ ಇದ್ರೆ ಮಾತಾಡ್ತಳೆ ಕಣ್ರವ್ವಾ" ಅಂದರು ಅಜ್ಜಿ.

"ನನ್ನ ಕಿವಿಗೆ ಬೀಳಬೇಕಲ್ಲ ಅಜ್ಜಿ."

ಅಜ್ಜಿ ಒಳಗೆ ಹೋಗಿ ಕಾಫಿ ತಂದಿಟ್ಟರು. ತಾಯಿ ಗೋಡೆ ಕಡೆ ತಿರುಗಿ ಕೂತಳು. ನನಗೂ ಸಾಕಾಗಿತ್ತು. ಫಾರಮ್ಮು, ಪೆನ್ನು ಕೆಳಗಿಟ್ಟು ಕಾಫಿ ಲೋಟ ಎತ್ತಿಕೊಂಡೆ.

ಮಗು ಮೆಲ್ಲಗೆ ಬಂದು ಫಾರಮ್ಮು ಎಳೆದುಕೊಂಡಿತು. ನನ್ನ ಚೀಲದ ಮೇಲೆ ಕೂತಿತು. ಪೆನ್ನು ಹಿಡಿದು, ಹುಬ್ಬು ಗಂಟಿಕ್ಕಿ, ಥೇಟ್ ನನ್ನ ರಾಗದಲ್ಲೇ ಕೇಳಿತು:

"ನಿನ್ನೆ ಏನೇನ್ ತಿಂದ್ರಿ?"

ಮೂರು ಪದ! ಹೊಟ್ಟೆಯಲ್ಲಿದ್ದಾಗಿನಿಂದ ಅದು ಕೇಳಿಸಿಕೊಳ್ಳುತ್ತ ಬಂದ ಪ್ರಶ್ನೆ. ತಾಯಿ "ಅಯ್ಯೋ ನನ್ನ ಕಂದ" ಅಂತ ಬಾಯಿಗೆ ಸೆರಗು ಒತ್ತಿಕೊಂಡಳು. ಮಗು ಪೆನ್ನು ಎತ್ತಿಕೊಂಡು ಕಾಯುತ್ತಲೇ ಇತ್ತು.

"ಇಡ್ಲಿ ತಿಂದೆ ಕಂದ," ಅಂದೆ ಹೇಗೋ. "ಮಧ್ಯಾಹ್ನ ಅನ್ನ, ಸಾರು..."

ಮಗು ಗೀಚಿಕೊಂಡಿತು. "ಬೇರೆ?"

"ಮೊಸರು, ಬಾಳೆಹಣ್ಣು..."

ಕಣ್ಣೊರೆಸಿಕೊಳ್ಳುತ್ತಲೇ ಅಜ್ಜಿ ಹಿಂದಿನಿಂದ ಗದರಿದರು:

"ಸುಳ್ಳ್ ಏಳ್ಬೇಡಿ ಮೇಡಮ್ಮೋರೆ, ಕೂಸು ಬರ್ಕೊಳ್ತಾ ಅದೆ!"