ಉಡಿ ತುಂಬದೆ ಬಿಡದ ಅತ್ತೆ

ನಮ್ಮ ಅತ್ತೆಯ ಮನೆಗೆ ಹೆಂಗಸರು ಬರುವುದು ಬಹಳ ಸುಲಭ. ಹೊರಡುವುದೇ ಕಷ್ಟ! ಚಪ್ಪಲಿ ಮೆಟ್ಟಿಯಾಗಿದೆ, ಆಟೋ ಬಂದು ನಿಂತಿದೆ, ಆಟೋದವನು ಗೊಣಗುತ್ತಿದ್ದಾನೆ ಎಂದರೂ ಅಷ್ಟೇ. "ತಡೀರಿ, ಹಂಗ ಹೆಂಗ ಹೋಗ್ತೀರಿ? ಉಡಿ ತುಂಬಿಸ್ಕೊಂಡು ಹೋಗ್ರಿ" ಎಂದು ಬಾಗಿಲಿಗೆ ಅಡ್ಡ ನಿಂತರೆ ಮುಗಿಯಿತು. ಸೆರಗಿಗೆ ಅಕ್ಕಿ, ತೆಂಗಿನಕಾಯಿ, ರವಿಕೆಗೊಂದು ಖಣ ಬೀಳುವ ತನಕ ಬಿಡುಗಡೆಯಿಲ್ಲ.

ಇವರು ನನ್ನ ಅಪ್ಪನ ಅಕ್ಕ. ಕಲಬುರಗಿ ಕಡೆಯವರು; ಸರ್ಕಾರಿ ನೌಕರಿ ಹಿಡಿದು ಹೈದರಾಬಾದಿನ ಹಿಮಾಯತ್‌ನಗರದಲ್ಲಿ ನೆಲೆ ನಿಂತವರು. ಅದೇ ಊರಿನ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳಲ್ಲಿ ನಾನೂ ನನ್ನ ಗಂಡನೂ ಅಲ್ಲಿ ಕೆಲಸಕ್ಕೆ ಸೇರಿ, ಇವರ ಮನೆಯಲ್ಲೇ ಬಿಡಾರ ಹೂಡಿದೆವು. ಬಂದ ದಿನವೇ ನನಗೆ ಎರಡನೆಯ ನೌಕರಿಯೂ ಸಿಕ್ಕಿತು. ಉಡಿ ತುಂಬುವ ನೌಕರಿ! ಏಕೆಂದರೆ ಅತ್ತೆ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವರು. ಉಡಿ ಎಂದರೆ ಮುತ್ತೈದೆಯರ ವ್ಯವಹಾರ. ವಿಧವೆ ತುಂಬುವಂತಿಲ್ಲ, ವಿಧವೆಗೆ ಯಾರೂ ತುಂಬುವಂತಿಲ್ಲ. ಹಾಗಾಗಿ ಕೈ ನನ್ನದು, ಬಾಯಿ ಅವರದು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹುಕುಂ ಹೊರಡಿಸುತ್ತಿದ್ದರು: "ಕಾಯಿ ಜುಟ್ಟು ಈಕಡಿ ಅಲ್ಲ, ಆಕಿ ಕಡಿ! ಅಕ್ಕಿ ಬೊಗಸಿ ತುಂಬ ಹಾಕು. ಏನ್ ಜಿಪುಣಿ ಅದೀಯವಾ!"

ಒಮ್ಮೆ ನನ್ನ ಆಫೀಸಿನ ಪಂಜಾಬಿ ಗೆಳತಿ ಊಟಕ್ಕೆ ಬಂದಳು. ಹೊಸದಾಗಿ ಮದುವೆಯಾದವಳು, ಜೀನ್ಸ್ ತೊಟ್ಟಿದ್ದಳು. ಸೆರಗೇ ಇಲ್ಲದವಳಿಗೆ ಉಡಿ ಎಲ್ಲಿಂದ ತರುವುದು? ಅತ್ತೆ ಸ್ನಾನದ ಟವೆಲ್ಲು ತಂದು ಅವಳ ಸೊಂಟಕ್ಕೆ ಕಟ್ಟಿಸಿದರು! ಮರುದಿನ ಅವಳು ಆಫೀಸಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: "ನನ್ನ ಕೆಲಸ ಹೋಗುತ್ತದೆ ಅಂತ ನಿಮ್ಮತ್ತೆಗೆ ಯಾರಾದರೂ ಹೇಳಿದರಾ? ಅಕ್ಕಿ ಯಾಕೆ ಕೊಟ್ಟರು?"

ಇಂಥ ಅತ್ತೆಗೆ ಒಂದೇ ಆಸೆಯಿತ್ತು, ಸಮುದ್ರ ನೋಡಬೇಕು. ಹುಸೇನ್ ಸಾಗರ ಕೆರೆ ತೋರಿಸಿ ಎಷ್ಟು ವರ್ಷ ಸಮಾಧಾನ ಮಾಡಲಾದೀತು? ಮೂವರೂ ಮಲೇಷ್ಯಾದ ಪೆನಾಂಗ್ ಎಂಬ ಊರಿಗೆ ಹೊರಟೆವು. ಹೊರಡುವ ಹೊತ್ತಿಗೆ ಪಕ್ಕದ ಮನೆಯ ತೆಲುಗು ಆಂಟಿ ನನಗೆ ಉಡಿ ತುಂಬಲು ಬಂದರು. ಅತ್ತೆ ಮೆಲ್ಲಗೆ ಅಡುಗೆಮನೆಗೆ ಸರಿದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದರು. ಹೊರಟ ಹೆಂಗಸರು ಇಬ್ಬರು, ಉಡಿ ಒಬ್ಬಳಿಗೆ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅತ್ತೆಯ ಕೈಚೀಲದಿಂದ ತೆಂಗಿನಕಾಯಿ ಹೊರಬಿತ್ತು. "ನಾರಿಯಲ್ ನಹೀ ಚಲೇಗಾ, ಮಾಜೀ" ಎಂದಳು ಸಮವಸ್ತ್ರದ ಹುಡುಗಿ. ಅತ್ತೆ ಬೇಸರಪಟ್ಟುಕೊಳ್ಳುತ್ತಾರೆಯೇ? ಛೆ! "ಶಾದಿ ಹುಯೀ ಕ್ಯಾ, ಬೇಟಾ?" ಎಂದು ವಿಚಾರಿಸಿದರು. ಮದುವೆಯಾಗಿದೆಯಂತೆ. "ಏ, ತುಂಬು ಈಕಿಗೆ!" ನಾನು ನಾಚಿ ನೀರಾಗಿ, ಆ ಹುಡುಗಿ ಬಿಚ್ಚಿ ಹಿಡಿದ ಟೋಪಿಯೊಳಗೆ ಕಾಯಿ ಇಟ್ಟೆ. ಹಿಂದಿನ ಸಾಲಿನಲ್ಲಿ ಬೆಲ್ಟು ಬಿಚ್ಚಿ ನಿಂತವರೆಲ್ಲ ಪ್ಯಾಂಟು ಹಿಡಿದುಕೊಂಡೇ ನೋಡುತ್ತಿದ್ದರು. ಹೊರಟವರು ನಾವು, ಉಡಿ ಕಾವಲಿನವಳಿಗೆ!

ಪೆನಾಂಗಿನಲ್ಲಿ ಒಂದೇ ಬೀದಿಯಲ್ಲಿ ಮಸೀದಿ, ಚೀನೀ ಗುಡಿ, ತಮಿಳರ ಅಮ್ಮನ ಗುಡಿ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿ, "ನಮ್ಮ ಹೈದರಾಬಾದಿನ ಅಬಿಡ್ಸ್ ಪೇಟೀನೇ ಬಿಡು. ಸಮುದ್ರ ಒಂದು ಜಾಸ್ತಿ ಐತಿ" ಎಂದು ತೀರ್ಪು ಕೊಟ್ಟರು. ಹಣ್ಣು ಮಾರುವ ಮಲಯ್ ಹೆಂಗಸಿನ ಜೊತೆ ಹೈದರಾಬಾದಿ ಉರ್ದುವಿನಲ್ಲಿ "ನಕ್ಕೋ, ನಕ್ಕೋ" ಎಂದು, ಬೇಡ ಬೇಡವೆನ್ನುತ್ತಾ ಚೌಕಾಸಿ ಮಾಡಿದರು; ತಮಿಳು ಟ್ಯಾಕ್ಸಿಯವನ ಜೊತೆ ತೆಲುಗು. ಯಾರಿಗೂ ಏನೂ ಅರ್ಥವಾಗಲಿಲ್ಲ, ಎಲ್ಲರೂ ನಕ್ಕರು. ಸಮುದ್ರಕ್ಕೆ ಕಾಲಿಟ್ಟು, ಕೈಮುಗಿದು, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡರು. "ಭಾಳ ಉಪ್ಪು ಬಿದ್ದೈತಿ" ಎಂದರು, ಯಾರೋ ಸೊಸೆ ಮಾಡಿದ ಸಾರಿನ ಬಗ್ಗೆ ಹೇಳಿದ ಹಾಗೆ.

ನಾವು ಉಳಿದದ್ದು ಒಬ್ಬ ಚೀನೀ ಅಜ್ಜಿಯ ಅತಿಥಿಗೃಹದಲ್ಲಿ. ದಿನವೂ ಬೆಳಗ್ಗೆ ಅತ್ತೆಗೆಂದೇ ಮೊಟ್ಟೆಯಿಲ್ಲದ ತಿಂಡಿ ಮಾಡಿಕೊಟ್ಟ ಪುಣ್ಯಾತ್ಮಳು. ಹೊರಡುವ ದಿನ ಅತ್ತೆ ಅಕ್ಕಿ, ಖಣ, ಪೇಟೆಯಿಂದ ತಂದ ಕಾಯಿ ಎಲ್ಲ ಜೋಡಿಸಿಟ್ಟಿದ್ದರು.

"ಅತ್ತಿ, ಆಕಿ ಮುತ್ತೈದೀನೋ ಅಲ್ಲೋ, ಹೆಂಗ ಕೇಳೂದು?" ಎಂದೆ.

"ಅಗೋ, ಚಡ್ಡಿ ಹಾಕ್ಕೊಂಡು ಗಿಡಕ್ಕ ನೀರು ಬಿಡಾಕತ್ತಾನಲ್ಲ ಯಜಮಾನ! ತುಂಬು, ತುಂಬು."

ತುಂಬಿದೆ. ಏನಿದು ಎಂದು ಅಜ್ಜಿ ಇಂಗ್ಲಿಷಿನಲ್ಲಿ ಕೇಳಿದರು. ಹೆಣ್ಣುಮಗಳು ಮನೆಯಿಂದ ಹೊರಟಾಗ ಬರಿ ಉಡಿಯಲ್ಲಿ ಕಳಿಸಬಾರದು, ಮತ್ತೆ ಬರಲಿ ಎಂದು ಹೀಗೆ ಮಾಡುತ್ತೇವೆ ಎಂದೆ. ಅಜ್ಜಿ ಅತ್ತೆಯ ಕಡೆ ನೋಡಿ ಹುಬ್ಬೇರಿಸಿದರು. "ಹಾಗಾದರೆ ಹೊರಟಿರುವುದು ಅವರಲ್ಲವೇ?"

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೋಗಿ ಬಂದರು. ಪಿಂಗಾಣಿ ಬಟ್ಟಲಲ್ಲಿ ಅಕ್ಕಿ, ಹೂವಿನ ಚಿತ್ತಾರದ ಒಂದು ಬಟ್ಟೆ, ಕಾಯಿಯ ಬದಲು ಅನಾನಸ್. ಅದಕ್ಕೂ ಜುಟ್ಟಿತ್ತಲ್ಲ! ನೇರ ಅತ್ತೆಯ ಮುಂದೆ ನಿಂತರು. ನಾನು ತಡೆಯಲು ಒಂದು ಹೆಜ್ಜೆ ಇಟ್ಟೆ. ಅತ್ತೆ ನನ್ನನ್ನು ನೋಡಿದರು. ಆ ನೋಟದಲ್ಲಿ ಹುಕುಂ ಇರಲಿಲ್ಲ, ಬೇಡಿಕೆಯಿತ್ತು. ನಾನು ಅಲ್ಲೇ ನಿಂತೆ. ಅತ್ತೆ ಸೆರಗು ಒಡ್ಡಿದರು.

ವಿಮಾನದಲ್ಲಿ ಅವರು ಆ ಅಕ್ಕಿಯ ಗಂಟನ್ನು ಮಡಿಲಿನಿಂದ ಇಳಿಸಲೇ ಇಲ್ಲ. ನಾನೇ ಅಂದೆ: "ಪಾಪ, ಆಕಿಗೆ ಗೊತ್ತಿರಲಿಲ್ಲ ಅತ್ತಿ."

"ಹೌದವಾ," ಎಂದರು ಅತ್ತೆ, ಕಿಟಕಿಯ ಕಡೆ ಮುಖ ತಿರುಗಿಸಿ. "ಗೊತ್ತಿದ್ದವ್ರು ತುಂಬತಿದ್ರೇನು?"

ಮುಂದಿನ ತಿಂಗಳು ಅತ್ತೆ ಕಲಬುರಗಿಗೆ, ತೊಟ್ಟಿಲ ಕಾರ್ಯಕ್ಕೆ ಹೊರಟರು. ಚಪ್ಪಲಿ ಮೆಟ್ಟಿಯಾಗಿತ್ತು, ಆಟೋ ಬಂದು ನಿಂತಿತ್ತು. ನಾನು ತಟ್ಟೆ ಹಿಡಿದು ಬಾಗಿಲಿಗೆ ಅಡ್ಡ ನಿಂತೆ.

"ಏ ಹುಚ್ಚಿ, ಏನ್ ಮಾಡಾಕತ್ತಿ? ಮಂದಿ ಏನಂದಾರು?"

"ಏನಾರ ಅನ್ಲಿ. ಹಂಗ ಹೆಂಗ ಹೋಗ್ತೀರಿ?"

ಕಣ್ಣೀರು ಬಳಬಳ ಸುರಿಯುತ್ತಿತ್ತು, ಅವರಿಗೂ, ನನಗೂ. ಆಟೋದವನು ಒಂದು ಸಲ ಹಾರ್ನ್ ಹೊಡೆದು ಸುಮ್ಮನಾದ. ಅತ್ತೆ ಸೆರಗು ಒಡ್ಡಿದರು. ನಾನು ಬೊಗಸೆ ತುಂಬ ಅಕ್ಕಿ ಹಾಕಿ, ಕಾಯಿ ಇಟ್ಟೆ.

"ಜುಟ್ಟು," ಎಂದರು ಅತ್ತೆ, ಬಿಕ್ಕುತ್ತಲೇ. "ಜುಟ್ಟು ನನ್ನ ಕಡಿ ಇರ್ಲಿ ಅಂತ ಎಷ್ಟು ಸಲ ಹೇಳಬೇಕವಾ ನಿನಗ!"