ಮದುಮಗನ ಕೈಯ ಚಾಕು

ಈ ಕತೆಯನ್ನು ಹೇಳಿಬಿಡಬೇಕೆಂದು ಹಲವು ಸಲ ಬಾಯಿ ತೆರೆದಿದ್ದೇನೆ. ಪ್ರತಿ ಸಲವೂ ಯಾರಾದರೂ ಕಾಫಿ ತಂದುಕೊಟ್ಟಿದ್ದಾರೆ, ತೆರೆದ ಬಾಯಿಗೆ ನಾನು ಕಾಫಿ ಸುರಿದುಕೊಂಡಿದ್ದೇನೆ. ಈಗ ಡಾಕ್ಟರು ಕಾಫಿ ನಿಲ್ಲಿಸಿದ್ದಾರೆ. ಮುಂದೂಡಲು ಬೇರೆ ನೆವ ಉಳಿದಿಲ್ಲ.

ಇದರಲ್ಲಿ ನನ್ನಿಂದ ಅನ್ಯಾಯಕ್ಕೊಳಗಾದವರು ಒಬ್ಬರಿದ್ದಾರೆ. ಅವರ ಹೆಸರನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ನೀವು ಅವರ ಪಕ್ಷ ಸೇರಿಬಿಡುತ್ತೀರಿ, ನನ್ನ ಮಾತು ಕೇಳುವವರೇ ಇರುವುದಿಲ್ಲ.

ನಾನು ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ. ಗಣಿತದಲ್ಲಿ ಪಾಸಾದದ್ದು ನನಗೂ ಆಶ್ಚರ್ಯ, ನಮ್ಮ ಮೇಷ್ಟ್ರಿಗೂ ಆಶ್ಚರ್ಯ. ಮಂಡಿಗೆ ಬರುತ್ತಿದ್ದ ವ್ಯಾಪಾರಿಗಳ ಜೇಬಿನಲ್ಲಿ ಒಂದೊಂದು ಮಡಚುವ ಚಾಕು ಇರುತ್ತಿತ್ತು. ಕೊಬ್ಬರಿಯ ಒಂದು ಚೂರು ಕೊಯ್ದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಆಮೇಲೆ ದರ ಹೇಳುತ್ತಿದ್ದರು. ಎಲ್ಲರೂ ಕೊಬ್ಬರಿ ನೋಡುತ್ತಿದ್ದರೆ ನಾನು ಚಾಕು ನೋಡುತ್ತಿದ್ದೆ. ಕೊಂಬಿನ ಹಿಡಿ, ಸಾಣೆ ಹಿಡಿದೂ ಹಿಡಿದೂ ಬೇವಿನೆಲೆಯಷ್ಟು ತೆಳುವಾದ ಅಲಗು, ಅಲಗಿನ ಬದಿಗೆ ಉಗುರು ಸಿಕ್ಕಿಸಿ ಎಳೆಯಲು ಒಂದು ಗೀರು. ಅಷ್ಟು ಸಣ್ಣ ವಸ್ತುವಿನಲ್ಲಿ ಒಬ್ಬ ಆಚಾರಿ ಅಷ್ಟೊಂದು ಯೋಚಿಸಿದ್ದಾನಲ್ಲ ಎಂದು ಬೆರಗಾಗುತ್ತಿದ್ದೆ.

ಹಾಗೆ ಶುರುವಾದ ಹುಚ್ಚು. ಅರಸೀಕೆರೆಯ ಸಂತೆ, ಬೇಲೂರಿನ ಹಳೇ ಪಾತ್ರೆ ಅಂಗಡಿ, ಗುಜರಿಯವರ ಗಾಡಿ, ಎಲ್ಲಿ ಹಳೆಯ ಚಾಕು ಕಂಡರೂ ತಂದೆ. ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ನನ್ನ ಹೆಂಡತಿ ಸರೋಜಳ ರೇಷ್ಮೆ ಸೀರೆಗಳ ನಡುವೆ ಇಟ್ಟೆ. ಅವಳು ಮದುವೆಗಳಿಗೆ ಹೋದರೆ ಪಕ್ಕದಲ್ಲಿ ಕೂತವರು, "ಎಲ್ಲೋ ಒಗ್ಗರಣೆ ಹಾಕ್ತಾವ್ರೆ" ಅನ್ನುತ್ತಿದ್ದರಂತೆ.

"ರೀ, ಮನೆ ತುಂಬ ಚಾಕು ಇಟ್ಕೊಂಡು, ಸೌತೆಕಾಯಿ ಹೆಚ್ಚೋಕೆ ಪಕ್ಕದ ಮನೆ ಚಾಕು ಈಸ್ಕೊಂಡು ಬರ್ತೀನಲ್ಲ, ಜನ ಏನಂತಾರೆ?"

"ಇವು ಹೆಚ್ಚೋ ಚಾಕು ಅಲ್ಲ ಕಣೇ. ನೋಡೋ ಚಾಕು."

"ಹಂಗಾದ್ರೆ ನಾಳೆಯಿಂದ ನೋಡೋ ಸಾರು ಮಾಡಿಡ್ತೀನಿ."

ನನ್ನ ಸಂಗ್ರಹದಲ್ಲಿ ಎಲ್ಲ ಇದ್ದವು, ಒಂದು ಇರಲಿಲ್ಲ. ಅದು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ನಮ್ಮ ಗಂಗಕ್ಕನ ಮನೆಯಲ್ಲಿತ್ತು. ಭಾವನ ಮನೆತನಕ್ಕೆ ಮೂರು ತಲೆಮಾರಿನಿಂದ ಬಂದ ಚಾಕು. ಮದುವೆಯಲ್ಲಿ ಗಂಡಿನ ಕೈಯಲ್ಲಿ ಕಬ್ಬಿಣ ಇರಬೇಕೆಂಬುದು ನಮ್ಮ ಕಡೆಯ ಪದ್ಧತಿ. ಕೆಲವರು ಕಠಾರಿ ಹಿಡಿಸುತ್ತಾರೆ, ಕೆಲವರು ಅಡಕತ್ತರಿ. ಆ ಮನೆಯ ಗಂಡುಗಳೆಲ್ಲ ಹಿಡಿದದ್ದು ಈ ಮಡಚುವ ಚಾಕುವನ್ನು, ಬಿಚ್ಚಿ, ತುದಿಗೆ ನಿಂಬೆಹಣ್ಣು ಚುಚ್ಚಿ.

ಅದರ ಹೆಚ್ಚುಗಾರಿಕೆ ಇದ್ದದ್ದು ಸದ್ದಿನಲ್ಲಿ. ಮಡಚಿದರೆ ಹಲ್ಲಿ ಲೊಚಗುಟ್ಟಿದ ಹಾಗೇ ಕೇಳುತ್ತಿತ್ತು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವೆಂದು ಬೆರಳಿನಿಂದ ನೆಲ ಕುಟ್ಟಿ "ಸತ್ಯ ಸತ್ಯ" ಅನ್ನುತ್ತೇವಲ್ಲ, ಆ ಮನೆಯಲ್ಲಿ ಚಾಕು ಮಡಚಿದಾಗಲೂ ಹಾಗೇ ಅನ್ನುತ್ತಿದ್ದರು. ನಾನು ಹೋದಾಗಲೆಲ್ಲ ಏನಾದರೂ ನೆವ ಮಾಡಿ ಅದನ್ನು ಬಿಚ್ಚಿ ಮಡಚಿ ಕೇಳಿಬರುತ್ತಿದ್ದೆ.

ಅಕ್ಕನ ಮಗ ಮಂಜನಿಗೆ ಬಿಕ್ಕೋಡಿನ ಹೆಣ್ಣು ಗೊತ್ತಾಯಿತು. ಮದುವೆಗೆ ವಾರವಿರುವಾಗ ಅಕ್ಕ ಕರೆಸಿದಳು. ಚಾಕು ತಂದು ಜಗಲಿಯ ಮೇಲಿಟ್ಟಳು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆ. ಕೆಳಗಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬೇಕು.

"ತಗೊಂಡೋಗ್ಲಾ ರಂಗ. ವಸಿ ತುಕ್ಕು ಹಿಡ್ದೈತೆ. ಎಣ್ಣೆ ಹಚ್ಚಿ ಒರೆಸ್ಕೊಂಡು ಬಾ, ಸಾಕು. ಬ್ಯಾರೆ ಏನೂ ಮಾಡ್ಬ್ಯಾಡ."

"ನಾನಿರೋವಾಗ ನಿಂಗ್ಯಾಕಕ್ಕ ಯೋಚ್ನೆ?"

"ನೀನಿರೋದೇ ಯೋಚ್ನೆ ಕಣ್ಲಾ."

ಮನೆಗೆ ತಂದು ಎಣ್ಣೆ ಹಚ್ಚಿದೆ, ಒರೆಸಿದೆ. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಅಷ್ಟು ದಿನ ಕೇಳಿದ ಸದ್ದು ಒಳಗೆ ಎಲ್ಲಿಂದ ಹುಟ್ಟುತ್ತದೆಂದು ನೋಡುವ ಅವಕಾಶ ಮತ್ತೆ ಸಿಗುವುದೇ? ಒಬ್ಬ ಕಲಾಭಿಮಾನಿಯ ಕರ್ತವ್ಯವೆಂದು ಭಾವಿಸಿ, ಹಿಡಿಯ ರಿವೆಟ್ಟಿಗೆ ಒಂದು ಮೊಳೆ ಇಟ್ಟು ಕುಟ್ಟಾಣಿಯಿಂದ ಮೆಲ್ಲಗೆ ಬಡಿದೆ. ಮೆಲ್ಲಗೆ ಬಡಿದರೆ ಬರಲಿಲ್ಲ. ಜೋರಾಗಿ ಬಡಿದೆ.

ರಿವೆಟ್ಟು ಸೊಟ್ಟಗಾಗಿ ಹೊರಬಂತು. ಅದರ ಹಿಂದೆಯೇ ಬೆನ್ನಿನ ಸ್ಪ್ರಿಂಗ್ ಪಟ್ಟಿ ಹಾರಿತು. ಗೋಡೆ ಗಡಿಯಾರಕ್ಕೆ ಬಡಿಯಿತು, ಅಡಿಗೆಮನೆಯ ಕಡೆ ತಿರುಗಿತು, ಕಾಣೆಯಾಯಿತು. ನಾನು ಒಲೆಯ ಹಿಂದೆ ಹುಡುಕಿದೆ, ಅಕ್ಕಿ ಡಬ್ಬದ ಕೆಳಗೆ ಹುಡುಕಿದೆ. ಕೊನೆಗೆ ಸರೋಜ ದೋಸೆ ಹಿಟ್ಟಿಗೆ ಸೌಟು ಹಾಕಿದಾಗ ಟಣ್ ಎಂದಿತು.

"ಮೊನ್ನೆ ಡಾಕ್ಟ್ರು ನಿಮ್ಗೆ ಕಬ್ಬಿಣದ ಅಂಶ ಕಮ್ಮಿ ಅಂದಿದ್ರು," ಎಂದಳು. "ಇವತ್ತು ದೋಸೇಲೇ ಬಂತು ನೋಡಿ."

ಬಿಚ್ಚುವುದಕ್ಕಿಂತ ಸೇರಿಸುವುದು ಕಷ್ಟವೆಂಬ ತತ್ತ್ವ ಆ ಮಧ್ಯಾಹ್ನ ನನಗೆ ಮನವರಿಕೆಯಾಯಿತು. ಹಳೆಯ ರಿವೆಟ್ಟು ಒಳಗೆ ಹೋಗಲಿಲ್ಲ. ಬಡಿದಾಗ ಕೊಂಬಿನ ಹಿಡಿ ಸಣ್ಣಗೆ ಸೀಳಿತು. ಸೀಳಿಗೆ ಚಪ್ಪಲಿ ಅಂಟಿಸುವ ಗಮ್ಮು ಹಾಕಿದೆ. ಗಮ್ಮು ಸೀಳಿಗಿಂತ ನನ್ನ ಹೆಬ್ಬೆರಳನ್ನು ಹೆಚ್ಚು ಮೆಚ್ಚಿತು. ಅರ್ಧ ದಿನ ನಾನೂ ಆ ಚಾಕುವೂ ಒಂದೇ ಕುಟುಂಬದವರಾಗಿ ಬಾಳಿದೆವು. ಬಿಸಿನೀರು, ಎಣ್ಣೆ, ಸರೋಜಳ ಬೈಗುಳ ಮೂರೂ ಸೇರಿ ನಮ್ಮನ್ನು ಬೇರೆ ಮಾಡಿದವು. ರಿವೆಟ್ಟಿನ ಜಾಗಕ್ಕೆ ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಯನ್ನು ಕಿತ್ತು ಹಾಕಿ, ಎರಡೂ ಕಡೆ ಅರದಿಂದ ಉಜ್ಜಿದೆ.

ಮೇಲಿಂದ ನೋಡಿದರೆ ಚಾಕು ಚೆನ್ನಾಗಿಯೇ ಇತ್ತು. ಆದರೆ ಗಮ್ಮು ಒಳಗೆ ಇಳಿದು ಅಲಗು ಬಿಚ್ಚಿದ ಹಾಗೇ ಕಚ್ಚಿಕೊಂಡುಬಿಟ್ಟಿತ್ತು. ಮಡಚಲು ಬರುತ್ತಿರಲಿಲ್ಲ.

"ಅಕ್ಕಂಗೆ ಫೋನ್ ಮಾಡಿ ಹೇಳ್ಬಿಡ್ರೀ," ಎಂದಳು ಸರೋಜ. "ಬೈತಾರೆ, ಆಮೇಲೆ ಯಾರತ್ರಾನಾದ್ರೂ ಸರಿ ಮಾಡಿಸ್ತಾರೆ."

ನಾನು ಸಾವಕಾಶವಾಗಿ ಯೋಚಿಸಿದೆ. ಗಂಡು ಚಾಕುವನ್ನು ಬಿಚ್ಚಿಯೇ ಹಿಡಿಯುವುದು. ತುದಿಯಲ್ಲಿ ನಿಂಬೆಹಣ್ಣು. ಧಾರೆ ಮುಗಿಯುವ ತನಕ ಮಡಚುವ ಪ್ರಮೇಯವೇ ಇಲ್ಲ. ಮದುವೆ ಮುಗಿದ ಮೇಲೆ ನಾನೇ "ಒರೆಸಿಡ್ತೀನಿ" ಎಂದು ಇಸಕೊಂಡು ಬಂದು ಸದ್ದಿಲ್ಲದೆ ಸರಿಮಾಡಿಸಿದರಾಯಿತು. ಯೋಜನೆಯಲ್ಲಿ ಒಂದೇ ಒಂದು ದೋಷವೂ ನನಗೆ ಕಾಣಲಿಲ್ಲ.

ದೋಷ ಕಾಣದಿರಲು ಕಾರಣವಿತ್ತು. ಭಾವನ ಮನೆತನದ ಎಷ್ಟೋ ಮದುವೆಗಳಿಗೆ ನಾನು ಹೋಗಿದ್ದೇನೆ. ಆದರೆ ಧಾರೆ ಮುಗಿಯುವ ಹೊತ್ತಿಗೆ ನಾನು ಯಾವಾಗಲೂ ಊಟದ ಮನೆಯಲ್ಲಿ, ಮೊದಲ ಪಂಕ್ತಿಯಲ್ಲಿ, ಎಲೆಯ ಮುಂದೆ ಇರುತ್ತಿದ್ದೆ. ಧಾರೆಯಾದ ಮೇಲೆ ಅಲ್ಲಿ ಏನು ನಡೆಯುತ್ತದೆಂದು ಒಮ್ಮೆಯೂ ನೋಡಿದವನಲ್ಲ!

ಬೇಲೂರಿನ ಕಲ್ಯಾಣಮಂಟಪ. ಈ ಸಲ ಚಾಕುವಿನ ಕಾವಲಿಗೆಂದು ಊಟ ಬಿಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದೆ. ಧಾರೆಯಾಯಿತು, ತಾಳಿಯಾಯಿತು, ಅಕ್ಷತೆ ಬಿತ್ತು. ನಾನು ನಿಟ್ಟುಸಿರು ಬಿಟ್ಟೆ. ಅಷ್ಟರಲ್ಲಿ ಭಾವ ಮೈಕು ಹಿಡಿದರು.

"ಎಲ್ರೂ ವಸಿ ಸುಮ್ಕಿರಿ. ಈಗ ಹೆಣ್ಣಿನ ಸೋದರಮಾವ ಬಂದು ಗಂಡಿನ ಕೈಯಿಂದ ಚಾಕು ತಗೊಂಡು ಮಡಚ್ತಾರೆ. ಹಲ್ಲಿ ನುಡೀಬೇಕು, ಎಲ್ರೂ ಕೇಳ್ಬೇಕು. ಅದು ನುಡಿದ್ರೇನೇ ನಮ್ಮನೇಲಿ ಮದುವೆ ಆದಂಗೆ."

ನಾನು ಕುರ್ಚಿಯ ತುದಿಗೆ ಜರುಗಿದೆ.

ಹೆಣ್ಣಿನ ಸೋದರಮಾವ ಎದ್ದರು. ಕಾಫಿ ಎಸ್ಟೇಟಿನಲ್ಲಿ ಜೀಪು ಓಡಿಸಿ ನಿವೃತ್ತರಾದವರು, ಎತ್ತರದ ಆಳು, ಹೊಸ ಪಂಚೆ, ಹೆಗಲ ಮೇಲೆ ಶಲ್ಯ. ತಂದೆಯಿಲ್ಲದ ಆ ಹುಡುಗಿಯನ್ನು ಸಾಕಿ ಓದಿಸಿದವರು ಅವರೇ. ಮಂಜ ಪದ್ಧತಿಯಂತೆ ಚಾಕುವನ್ನು ತಟ್ಟೆಯಲ್ಲಿಟ್ಟ. ಅವರು ಎತ್ತಿಕೊಳ್ಳಲು ಬಗ್ಗಿದರು. ನಾನು ಮಂಟಪಕ್ಕೆ ನೆಗೆದು ಅವರಿಗಿಂತ ಮೊದಲೇ ಚಾಕು ಎತ್ತಿಬಿಟ್ಟೆ.

"ಏನ್ ಸ್ವಾಮಿ?" ಎಂದರು ಅವರು.

"ನಾನೇ ಮಡಚ್ತೀನಿ. ಇದು ವಸಿ ಹಠಮಾರಿ."

"ಶಾಸ್ತ್ರ ನಂದಲ್ವಾ? ಕೊಡಿ ಇತ್ಲಾಗೆ."

"ಲೋ ರಂಗ, ಬುಡ್ಲಾ!" ಎಂದು ಕೆಳಗಿನಿಂದ ಅಕ್ಕ ಕೂಗಿದಳು.

ಸಾವಿರ ಕಣ್ಣುಗಳೆದುರು ಹಟ ಮಾಡುವುದಾದರೂ ಹೇಗೆ? ಕೆಳಗಿಡುವುದನ್ನೂ ಮರೆತು ನೇರವಾಗಿ ಅವರ ಅಂಗೈಗೆ ಕೊಟ್ಟೆ. ಕೈಯಿಂದ ಕೈಗೆ. ಅವರು ನಿಂಬೆಹಣ್ಣು ತೆಗೆದರು, ಅಲಗಿನ ಬೆನ್ನಿಗೆ ಬೆರಳಿಟ್ಟು ಒತ್ತಿದರು. ಜಗ್ಗಲಿಲ್ಲ. ಇನ್ನೊಮ್ಮೆ ಒತ್ತಿದರು.

ಕಟ್.

ಅಲಗು ಧಾರೆಯ ಹಾಲಿನ ಪಾತ್ರೆಗೆ ಬಿತ್ತು. ಹಿಡಿಯ ಒಂದು ಹೋಳು ಪುರೋಹಿತರ ಮಡಿಲಿಗೆ ಹೋಯಿತು. ಇನ್ನೊಂದು ಹೋಳು ಸೋದರಮಾವನ ಕೈಯಲ್ಲೇ ಉಳಿಯಿತು, ಅದರಲ್ಲಿ ನನ್ನ ಕ್ಯಾಲೆಂಡರ್ ಮೊಳೆ ಹೊಳೆಯುತ್ತಿತ್ತು. ಮತ್ತೆ ಊದಲು ಸಿದ್ಧವಾಗಿದ್ದ ಓಲಗದವರು ವಾದ್ಯ ಕೆಳಗಿಳಿಸಿದರು.

ಗಂಡಿನ ಕಡೆಯ ಮುದುಕಿಯೊಬ್ಬಳು ಪಕ್ಕದವಳಿಗೆ ಹೇಳಿದ್ದು ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿತು. "ಮೂರು ತಲೆಮಾರು ಮುರೀದಿದ್ದು ಇವಳು ಕಾಲಿಡೋಕೆ ಮುಂಚೇನೇ ಮುರೀತಲ್ಲವ್ವ. ಯಾವ ಕಾಲ್ಗುಣವೋ."

ಹುಡುಗಿ ತಲೆ ತಗ್ಗಿಸಿದಳು. ಬಾಸಿಂಗದ ಕೆಳಗೆ ಅವಳ ಕಣ್ಣು ತುಂಬಿದ್ದನ್ನು ನಾನು ಹತ್ತಿರದಿಂದ ನೋಡಿದೆ.

ಭಾವ ನನ್ನ ಕಡೆ ತಿರುಗಿದರು. "ಏನ್ಲಾ ರಂಗ, ನೀನು ತಂದಾಗ ಸರಿಯಿತ್ತು ತಾನೆ?"

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ. ನಾನು ಹೇಳಿದ್ದು ಇಷ್ಟು: "ಸರಿಯಾಗೇ ಇತ್ತು ಭಾವ. ಅವರು ವಸಿ ಜೋರಾಗಿ ಒತ್ಬುಟ್ರು."

ಸೋದರಮಾವ ಕೈಯಲ್ಲಿದ್ದ ಮೊಳೆಯನ್ನು ನೋಡಿದರು. ಆಮೇಲೆ ಗಮ್ಮಿನ ಕಲೆಯಿನ್ನೂ ಹೋಗದ ನನ್ನ ಹೆಬ್ಬೆರಳನ್ನು ನೋಡಿದರು. ಆಮೇಲೆ ಸೋದರಸೊಸೆಯನ್ನು ನೋಡಿದರು. ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಅವರಂದಿದ್ದು ದಿಟ," ಎಂದರು. "ಹುಡುಗೀದು ಏನೂ ಇಲ್ಲ ಕಣವ್ವ, ಕಾಲ್ಗುಣ ಗೀಲ್ಗುಣ ಅನ್ಬ್ಯಾಡಿ. ಜೀಪಿನ ಸ್ಟೇರಿಂಗ್ ತಿರುವಿದ ಕೈ ನಂದು, ಹಿಡಿದಿದ್ದೆಲ್ಲ ಮುರೀತೈತೆ. ನಿಮ್ಮ ಮನೆಗೆ ಬೇಕಾಗಿರೋದು ಸದ್ದು ತಾನೆ? ತಗಳ್ಳಿ."

ಭಾವನ ಕೈಯಿಂದ ಮೈಕು ಎಳೆದುಕೊಂಡು ನಾಲಿಗೆಯಿಂದ ಲೊಚಲೊಚನೆ ಸದ್ದು ಮಾಡಿದರು. ಮಂಟಪದ ಅಷ್ಟೂ ಸ್ಪೀಕರುಗಳಲ್ಲಿ ಹಲ್ಲಿ ನುಡಿಯಿತು. ಮೊದಲು ನಕ್ಕವಳು ಆ ಮುದುಕಿಯೇ. ಬೆರಳಿನಿಂದ ಕುರ್ಚಿ ಕುಟ್ಟಿ "ಸತ್ಯ ಸತ್ಯ" ಅಂದಳು. ಮಂಟಪವೆಲ್ಲ ಕುರ್ಚಿ ಕುಟ್ಟಿತು. ಹುಡುಗಿ ಕಣ್ಣೊರೆಸಿಕೊಂಡು ನಕ್ಕಳು. ಓಲಗ ಮತ್ತೆ ಶುರುವಾಯಿತು.

ನಾನು ಊಟಕ್ಕೆ ಹೋದೆ. ಮೊದಲ ಪಂಕ್ತಿ ಎದ್ದಿತ್ತು. ಒಬ್ಬಟ್ಟು ತಣ್ಣಗಾಗಿತ್ತು. ನನಗಾದ ಶಿಕ್ಷೆ ಒಟ್ಟು ಅಷ್ಟೇ.

ಅವರ ಶಿಕ್ಷೆ ಅಲ್ಲಿಂದ ಶುರುವಾಯಿತು. ಎರಡೂ ಕಡೆಯ ನೆಂಟರಲ್ಲಿ ಅವರ ಹೆಸರು "ಚಾಕು ಮುರಿದ ಮಾವ" ಎಂದೇ ಆಯಿತು. ಯಾವ ಮನೆಗೆ ಹೋದರೂ ಎಲ್ಲರಿಗೂ ಪಿಂಗಾಣಿ ಕಪ್ಪು, ಅವರಿಗೆ ಸ್ಟೀಲ್ ಲೋಟ. "ಅವರ ಕೈಗೆ ಕೊಡ್ಬ್ಯಾಡಿ" ಎಂಬುದು ಮಕ್ಕಳಿಗೂ ಬಾಯಿಪಾಠ. ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಾನು ನಗುತ್ತಿದ್ದೆ.

ಇಷ್ಟಕ್ಕೇ ನಿಲ್ಲಲಿಲ್ಲ. ಚಾಕುವಿನ ಚೂರುಗಳನ್ನು ಅಕ್ಕ ನನಗೇ ಒಪ್ಪಿಸಿದಳು. ಬಾಣಾವರದ ಆಚಾರಿಯೊಬ್ಬರ ಹತ್ತಿರ ಒಯ್ದೆ. ಅವರು ಗಮ್ಮು ಕೆರೆದು, ಹೊಸ ರಿವೆಟ್ಟು ಕೂಡಿಸಿ, ಮಡಚಿ ನೋಡಿದರು. ಹಲ್ಲಿ ನುಡಿಯಿತು. ತಂದುಕೊಟ್ಟಾಗ ಭಾವ ನೆಂಟರಿಗೆಲ್ಲ ಹೇಳಿಕೊಂಡು ಬಂದರು: "ಅವರು ಮುರಿದಿದ್ದನ್ನ ನಮ್ಮ ರಂಗ ಉಳಿಸಿದ."

ಮಂಜನ ಮಗುವಿನ ನಾಮಕರಣದಲ್ಲಿ ನನಗೆ ಸನ್ಮಾನ ಏರ್ಪಾಡಾಯಿತು. ಮನೆತನದ ಚಾಕು ಉಳಿಸಿದ್ದಕ್ಕೆ ಒಂದು ಶಾಲು, ಒಂದು ಹಾರ. ಶಾಲು ಹೊದಿಸಲು ಕರೆದದ್ದು ಯಾರನ್ನು? ಚಾಕು ಮುರಿದ ಮಾವನನ್ನು. ಅವರು ಬಂದರು. ಶಾಲನ್ನು ನೀಟಾಗಿ ಹೊದಿಸಿದರು. ಮಡಿಕೆ ಸರಿಮಾಡುವವರ ಹಾಗೆ ಬಗ್ಗಿ ಕಿವಿಯಲ್ಲಿ ಕೇಳಿದರು:

"ಮೊಳೆ ಎಷ್ಟಿಂಚಿಂದು ಹಾಕಿದ್ರಿ?"

"ಮುಕ್ಕಾಲಿಂಚು," ಎಂದೆ.

"ಒಂದಿಂಚು ಹಾಕ್ಬೇಕಿತ್ತು," ಎಂದು ಹೇಳಿ ಚಪ್ಪಾಳೆ ತಟ್ಟುತ್ತ ಕೆಳಗಿಳಿದರು.

ನೋಡಿ, ಆಗಲೂ ನಾನು ಅಳತೆ ಹೇಳಿದೆನೇ ಹೊರತು ತಪ್ಪಾಯಿತು ಅನ್ನಲಿಲ್ಲ.

ಈಗ ಅವರು ರೈಲಿಗೆಂದು ಅರಸೀಕೆರೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಾರೆ. ಸೀರೆಗಳ ನಡುವಿನಿಂದ ಚಾಕುಗಳನ್ನು ಒಂದೊಂದಾಗಿ ತೆಗೆದು ಚಾಪೆಯ ಮೇಲಿಡುತ್ತೇನೆ. ಅವರು ಎತ್ತಿ, ಬಿಚ್ಚಿ, ಮಡಚಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಾರೆ. "ಇದು ಪರವಾಗಿಲ್ಲ", "ಇದಕ್ಕೆ ನೆಗಡಿಯಾಗೈತೆ" ಎಂದು ತೀರ್ಪು ಕೊಡುತ್ತಾರೆ. ಅವುಗಳಲ್ಲೇ ಒಂದನ್ನು ಆರಿಸಿ ಸೌತೆಕಾಯಿ ಹೆಚ್ಚುತ್ತಾರೆ. ನೋಡುವ ಚಾಕುಗಳು ಹೆಚ್ಚಲೂ ಬರುತ್ತವೆ ಎಂದು ಸರೋಜಳಿಗೆ ಗೊತ್ತಾದದ್ದು ಅವರಿಂದಲೇ. ಇಂಥ ಸುಖ ಇಳಿವಯಸ್ಸಿನಲ್ಲಿ ಎಷ್ಟು ಜನಕ್ಕುಂಟು?

ಪ್ರತಿ ಸಲವೂ ಸರೋಜ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಾಳೆ. ನಾನು ಗಂಟಲು ಸರಿಮಾಡಿಕೊಳ್ಳುತ್ತೇನೆ. ಅವರು ಚಾಕು ಕೆಳಗಿಟ್ಟು ಕಾಯುತ್ತಾರೆ.

"ಅವತ್ತು ಮದುವೇಲಿ..." ಎಂದು ಶುರುಮಾಡುತ್ತೇನೆ.

"ಹೂಂ?"

"ಸೌತೆಕಾಯಿಗೆ ಉಪ್ಪು ಹಾಕ್ಲಾ?"

"ಹಾಕಿ," ಎನ್ನುತ್ತಾರೆ.

ಕಾಫಿ ನಿಂತಿತು, ಸೌತೆಕಾಯಿ ನಿಂತಿಲ್ಲ. ಅದಕ್ಕೇ ಬಾಯಲ್ಲಿ ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಚಾಕು ಮುರಿದದ್ದು ಬಸ್ತಿಹಳ್ಳಿಯವರ ಭಾವಮೈದ, ಅರಸೀಕೆರೆಯ ರಂಗಪ್ಪ. ಮುರಿಯದೇ ಮುರಿದವನೆನಿಸಿಕೊಂಡು ಇವತ್ತಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತಿರುವವರು ಬಿಕ್ಕೋಡಿನ ಸಣ್ಣೇಗೌಡರು.